ಎಲೆಕ್ಷನ್ ಕಂಡ್ರೆ ಅಥೆನ್ಸ್‌ನವರಿಗೆ ಯಾಕಷ್ಟು ಅನುಮಾನ?

ಹೋದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ರು: "ಸಾರ್, ಪ್ರಜಾಪ್ರಭುತ್ವ ಹುಟ್ಟಿದ್ದು ಅಥೆನ್ಸ್‌ನಲ್ಲಿ ಅಂತೀರ. ಅಲ್ಲಿ ಎಲೆಕ್ಷನ್‌ಗೆ ಯಾರು ನಿಲ್ತಿದ್ರು?" ಹುಡುಕ್ತಾ ಹೋದೆ. ಬಹುಪಾಲು ಹುದ್ದೆಗಳಿಗೆ ಅಲ್ಲಿ ಎಲೆಕ್ಷನ್ನೇ ಇರಲಿಲ್ಲ! ಲಾಟರಿ ಎತ್ತೋರು.

ಪೀಠಿಕೆ ಬೇಗ ಮುಗಿಸ್ತೀನಿ. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಅನ್ನೋನು ನಾಗರಿಕರನ್ನ ಹತ್ತು ಬಣ ಮಾಡಿದ. ಬಣಕ್ಕೆ 50ರಂತೆ 500 ಜನರ ಮಂಡಳಿ. ಮುಂದೆ ಅದಕ್ಕೂ ಲಾಟರಿಯೇ. ಒಂದು ವರ್ಷ ಅಧಿಕಾರ, ಜೀವಮಾನಕ್ಕೆ ಎರಡೇ ಸಲ. ಕಾನೂನು, ಯುದ್ಧ ಎಲ್ಲ ತೀರ್ಮಾನ ಆಗೋದು ಪ್ನಿಕ್ಸ್ ಗುಡ್ಡದ ಮೇಲಿನ ಸಭೆಯಲ್ಲಿ. ಯಾವ ನಾಗರಿಕ ಬೇಕಾದ್ರೂ ಬಂದು ಕೈ ಎತ್ತಬಹುದು. ಆದ್ರೆ ಹೆಂಗಸರು, ಗುಲಾಮರು, ಹೊರಗಿಂದ ಬಂದು ನೆಲೆಸಿದವರು ನಾಗರಿಕರ ಲೆಕ್ಕಕ್ಕೇ ಇಲ್ಲ. ಗುಲಾಮರನ್ನ ನೆನಪಲ್ಲಿಟ್ಕೊಳ್ಳಿ, ಕೊನೆಗೆ ಬೇಕಾಗ್ತಾರೆ.

[ತೆರೆಯ ಮೇಲೆ: ಅಥೆನ್ಸ್‌ನ ಅಗೋರಾ ಮ್ಯೂಸಿಯಂನಲ್ಲಿರೋ ಒಡೆದ ಕಲ್ಲು]

ಈ ವಿಡಿಯೋ ಮಾಡಿದ್ದೇ ಈ ಕಲ್ಲಿಗೋಸ್ಕರ. ಸಾಲುಸಾಲಾಗಿ ಸೀಳು ಕಾಣ್ತಿದೆಯಲ್ಲ? ಇದರ ಹೆಸರು ಕ್ಲೆರೋಟೀರಿಯಾನ್. ಕಲ್ಲಿನ ಲಾಟರಿ ಮಷಿನ್ನು!

ಕೋರ್ಟುಗಳಿಗೆ ವರ್ಷಕ್ಕೆ 6000 ಜನ ತೀರ್ಪುಗಾರರ ಪಟ್ಟಿ. ಇವತ್ತು ಯಾರು ಕೂರಬೇಕು? ಒಬ್ಬೊಬ್ಬನ ಹತ್ರ ಅವನ ಹೆಸರು ಕೊರೆದ ಕಂಚಿನ ಬಿಲ್ಲೆ. ಬೆಳಿಗ್ಗೆ ಬಂದು ಕೊಟ್ರೆ ಅದನ್ನ ಸೀಳಿಗೆ ಸಿಕ್ಕಿಸ್ತಾರೆ. ಕಲ್ಲಿನ ಪಕ್ಕಕ್ಕೆ ಒಂದು ಕೊಳವೆ. ಮೇಲಿಂದ ಕಪ್ಪು ಬಿಳಿ ದಾಳ ಸುರಿದು, ಕೆಳಗೆ ಒಂದೊಂದಾಗಿ ಬೀಳಿಸ್ತಾರೆ. ಬಿಳಿ ಬಿತ್ತೋ, ಮೊದಲ ಅಡ್ಡಸಾಲಿನವರೆಲ್ಲ ಇವತ್ತು ಕೋರ್ಟಿಗೆ. ಕಪ್ಪು ಬಿತ್ತೋ, ಸಾಲಿಗೆ ಸಾಲೇ ಮನೆಗೆ. ಆಮೇಲೆ ಎರಡನೇ ಸಾಲು, ಮೂರನೇ ಸಾಲು. ನಮ್ಮ ತಂಬೋಲಾ ಥರಾನೇ, ಕೂಗೋನು ಕಲ್ಲು ಅಷ್ಟೇ.

ಇಷ್ಟಕ್ಕೇ ಬಿಡಲ್ಲ. ಆಯ್ಕೆಯಾದವನು ಯಾವ ಕೋರ್ಟಿಗೆ ಹೋಗಬೇಕು ಅನ್ನೋಕೂ ಇನ್ನೊಂದು ಲಾಟರಿ! ಯಾಕೆ ಇಷ್ಟೆಲ್ಲ? ಲಂಚ ಸ್ವಾಮಿ, ಲಂಚ. ಕ್ರಿ.ಪೂ. 409ರ ಸುಮಾರಿಗೆ ಅನಿಟಸ್ ಅನ್ನೋ ಸೇನಾಪತಿ ಇಡೀ ಕೋರ್ಟಿಗೇ ದುಡ್ಡು ಹಂಚಿ ಬಚಾವಾದ, ಆ ಚಾಳಿ ಶುರು ಮಾಡಿದ್ದೇ ಅವನು ಅಂತ ಬರೆದಿಟ್ಟಿದ್ದಾರೆ. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಹತ್ತು ವರ್ಷ ಆದ್ಮೇಲೆ ಸಾಕ್ರಟೀಸ್ ಮೇಲೆ ಕೇಸು ಹಾಕಿದ ಮೂವರಲ್ಲಿ ಈ ಮಹಾಶಯನೂ ಒಬ್ಬ. ಯಾರು ಎಲ್ಲಿ ಕೂರ್ತಾರೆ ಅಂತ ಆ ಬೆಳಿಗ್ಗೆವರೆಗೂ ಯಾರಿಗೂ ಗೊತ್ತಿಲ್ಲದಿದ್ರೆ ದುಡ್ಡು ಯಾರಿಗೆ ಕೊಡ್ತೀರ?

ಇದೆಲ್ಲ ನಮಗೆ ಗೊತ್ತಾಗಿದ್ದೂ ಒಂದು ಲಾಟರಿಯೇ. ಈ ಕೋರ್ಟು, ಲಾಟರಿ ವಿವರವೆಲ್ಲ ಇರೋದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೆಸರಲ್ಲಿರೋ ಒಂದು ಗ್ರಂಥದಲ್ಲಿ. ಅದು ಕಳೆದೇ ಹೋಗಿತ್ತು. ಈಜಿಪ್ಟಿನಲ್ಲಿ ಯಾವುದೋ ಹೊಲದ ಜಮಾಖರ್ಚು ಬರೆದ ಪಪೈರಸ್ಸಿನ ಹಿಂಬದಿಯಲ್ಲಿ ಸಿಕ್ಕು, 1891ರಲ್ಲಿ ಅಚ್ಚಾಯ್ತು. ಕಾಗದ ಉಳಿಸೋ ಬುದ್ಧಿಗೆ ದೊಡ್ಡ ನಮಸ್ಕಾರ! ಅಂದಹಾಗೆ, ಆ ಕಂಚಿನ ಬಿಲ್ಲೆಗಳು ಸಮಾಧಿಗಳಲ್ಲೂ ಸಿಕ್ಕಿವೆ. ಸತ್ತ ಮೇಲೂ ಬಿಡಲಿಲ್ಲ ಆಸಾಮಿಗಳು.

ಹಾಗಾದ್ರೆ ಎಲೆಕ್ಷನ್ ಇರಲೇ ಇಲ್ವಾ? ಇತ್ತು. ಸೇನಾಪತಿಗಳು ಹತ್ತು ಜನ, ಅವರನ್ನ ಓಟು ಹಾಕಿಯೇ ಆರಿಸ್ತಿದ್ರು. ಯುದ್ಧ ಲಾಟರಿಗೆ ಬಿಡೋ ವಿಷಯವಲ್ಲ ನೋಡಿ. ಆದ್ರೆ ಅರಿಸ್ಟಾಟಲ್ ಪ್ರಕಾರ ಚೀಟಿ ಎತ್ತೋದು ಪ್ರಜಾಪ್ರಭುತ್ವದ ಲಕ್ಷಣ. ಎಲೆಕ್ಷನ್ ಕೆಲವೇ ಜನರ ಆಳ್ವಿಕೆಯ ಲಕ್ಷಣ. ಓಟಿಗೆ ನಿಂತ್ರೆ ಗೆಲ್ಲೋದು ಹೆಸರು, ಹಣ, ಮನೆತನ ಇದ್ದೋರೇ ತಾನೆ? ಇದನ್ನ ಎರಡು ಸಲ ಓದಿಕೊಂಡೆ ನಾನು.

ಟೈಮ್ ಆಗೋಯ್ತು, ರೋಮ್ ಒಂದೇ ಉಸಿರಿಗೆ. ಅಲ್ಲಿ ಕಾನ್ಸಲ್ ಅನ್ನೋ ದೊಡ್ಡ ಹುದ್ದೆಗೆ ಎಲೆಕ್ಷನ್ನೇ. ಆದ್ರೆ ಓಟು ತಲೆಗೊಂದಲ್ಲ, ಗುಂಪಿಗೊಂದು. 193 ಗುಂಪುಗಳಲ್ಲಿ ಇತಿಹಾಸಕಾರ ಲಿವಿ ಕೊಡೋ ಲೆಕ್ಕದಲ್ಲಿ 98 ಮೇಲ್ವರ್ಗದವರದ್ದೇ. ಆಸ್ತಿ ಇಲ್ಲದ ಅಷ್ಟೂ ಜನ ಸೇರಿ ಒಂದೇ ಗುಂಪು! ಸಾಹುಕಾರರೆಲ್ಲ ಒಂದಾದ್ರೆ ಎಣಿಕೆ ಅಲ್ಲಿಗೇ ಮುಗೀತು. ಬಡವರ ಸರದಿ ಬರೋದೇ ಇಲ್ಲ.

ಸರಿ, ಗುಲಾಮರ ವಿಷಯ. ಅಥೆನ್ಸ್‌ನಲ್ಲೂ ಸಭೆಗೆ ಹೋಗದೆ ಮಾರ್ಕೆಟ್ಟಲ್ಲಿ ಹರಟೆ ಹೊಡೆಯೋ ಜನ ಇದ್ರು. ಅವರನ್ನ ಗುಡ್ಡದ ಕಡೆ ಅಟ್ಟೋಕೆ ಕೆಂಪು ಬಣ್ಣದಲ್ಲಿ ಅದ್ದಿದ ಹಗ್ಗ ಹಿಡಿದು ಬರ್ತಿದ್ರಂತೆ. ಬಟ್ಟೆಗೆ ಕೆಂಪು ತಾಗಿತೋ, ದಂಡ. ಅರಿಸ್ಟೋಫನೀಸ್ ತನ್ನ ನಾಟಕದಲ್ಲಿ ಈ ಹಗ್ಗ ತಪ್ಪಿಸಿಕೊಂಡು ಓಡೋರನ್ನ ಗೇಲಿ ಮಾಡ್ತಾನೆ. ಹಗ್ಗ ಹಿಡಿದು ಓಟಿನ ಹಕ್ಕಿದ್ದೋರನ್ನ ಅಟ್ಟಿಸಿಕೊಂಡು ಹೋಗ್ತಿದ್ದೋರು ಯಾರು? ಓಟೇ ಇಲ್ಲದ, ಊರಿನ ಗುಲಾಮರು.