ರಸ್ಟ್ ಭಾಷೆಯ ಕೋಣೆಗಳು, ಬಾಗಿಲುಗಳು

ಕೇಳುಗರಿಗೆ ನಮಸ್ಕಾರ.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯತೊಡಗಿದ ಹೊಸದರಲ್ಲಿ ಬಡ್ಡಿ ಲೆಕ್ಕ ಹಾಕುವ ಚಿಕ್ಕ ಪ್ರೋಗ್ರಾಂ ಒಂದನ್ನು ಬರೆಯುತ್ತಿದ್ದೆ. ಸೂತ್ರಗಳಿಗೆಂದು ಬೇರೆ ಫೈಲ್ ತೆರೆದು ಸಂಜೆಯೆಲ್ಲ ಕುಳಿತು ಬರೆದೆ. ಅದನ್ನಿನ್ನೂ ಎಲ್ಲಿಯೂ ಬಳಸಿರಲಿಲ್ಲ. ಕಂಪೈಲ್ ಮಾಡಿದರೆ, ಅಂದರೆ ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿಸಿದರೆ, ಒಂದೂ ದೋಷವಿಲ್ಲ. ಅನುಮಾನ ಬಂದು, ಬೇಕೆಂದೇ ಒಂದು ಸಾಲನ್ನು ಅರ್ಧಕ್ಕೆ ಕತ್ತರಿಸಿದೆ. ಆಗಲೂ ಕಂಪೈಲರ್ ತುಟಿ ಬಿಚ್ಚಲಿಲ್ಲ. ಅದು ಆ ಫೈಲನ್ನು ತೆರೆದೇ ಇರಲಿಲ್ಲ.

ರಸ್ಟ್‌ನಲ್ಲಿ ಫೈಲ್ ಫೋಲ್ಡರಿನಲ್ಲಿ ಇದ್ದ ಮಾತ್ರಕ್ಕೆ ಪ್ರೋಗ್ರಾಮಿನ ಭಾಗವಾಗುವುದಿಲ್ಲ. ಮುಖ್ಯ ಫೈಲಿನಲ್ಲಿ ‘ಮಾಡ್’ ಎಂದು ಬರೆದು, ಮುಂದೆ ಅದರ ಹೆಸರು ಹೇಳಿ, ಸೆಮಿಕೋಲನ್ ಇಡಬೇಕು. ಮಾಡ್ಯೂಲ್ ಎಂಬುದರ ಮೊಟಕು ರೂಪ ಅದು; ಮಾಡ್ಯೂಲ್ ಎಂದರೆ ಪ್ರೋಗ್ರಾಮಿನ ಒಂದು ಕೋಣೆ ಎನ್ನಿ. ಆ ಒಂದು ಸಾಲು ಸೇರಿಸಿದೊಡನೆ ಕತ್ತರಿಸಿದ ಜಾಗವನ್ನು ಕಂಪೈಲರ್ ಬೊಟ್ಟು ಮಾಡಿ ತೋರಿಸಿತು. ಸಿ ಭಾಷೆಯಲ್ಲಿ ‘ಇನ್‌ಕ್ಲೂಡ್’ ಎಂದರೆ ಆ ಫೈಲಿನ ಪಠ್ಯವೆಲ್ಲ ಇಲ್ಲಿಗೆ ನಕಲಾಗುತ್ತದೆ. ಬೇಕಾದ ಕಡೆಯೆಲ್ಲ ಮತ್ತೆ ಮತ್ತೆ ಬರೆಯುತ್ತೇವೆ. ‘ಮಾಡ್’ ಹಾಗಲ್ಲ. ಒಂದು ಮಾಡ್ಯೂಲನ್ನು ಒಂದೇ ಕಡೆ ಘೋಷಿಸಿದರೆ ಸಾಕು. ಉಳಿದೆಡೆ ‘ಯೂಸ್’ ಎಂದು ಹೆಸರು ಹಿಡಿದು ಕರೆಯುವುದು.

ಹೀಗೆ ಮಾಡ್ಯೂಲುಗಳು ಸೇರಿ ಒಂದು ಮರವಾಗುತ್ತದೆ. ಆ ಇಡೀ ಮರಕ್ಕೆ ಕ್ರೇಟ್ ಎಂದು ಹೆಸರು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ತುಂಬುತ್ತಾರಲ್ಲ, ಅದೇ ಕ್ರೇಟ್. ಕ್ರೇಟುಗಳನ್ನು ಹೊತ್ತು ತರುವ ಸಾಧನದ ಹೆಸರು ಕಾರ್ಗೋ, ಅಂದರೆ ಸರಕು. ಕಾರ್ಗೋ ಒಟ್ಟಿಗೆ ನೋಡಿಕೊಳ್ಳುವ ಕ್ರೇಟುಗಳ ಕಟ್ಟಿಗೆ ಪ್ಯಾಕೇಜ್ ಎನ್ನುತ್ತಾರೆ. ಒಂದು ಪ್ಯಾಕೇಜಿನಲ್ಲಿ ನೇರವಾಗಿ ಓಡುವ ಕ್ರೇಟುಗಳು ಎಷ್ಟಾದರೂ ಇರಬಹುದು. ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಲೈಬ್ರರಿ ಕ್ರೇಟ್ ಮಾತ್ರ ಹೆಚ್ಚೆಂದರೆ ಒಂದು.

ನನ್ನ ಮನಸ್ಸನ್ನು ಗೆದ್ದದ್ದು ಬಾಗಿಲುಗಳ ವಿಚಾರ. ಇಲ್ಲಿ ಬಾಗಿಲುಗಳೆಲ್ಲ ಮೊದಲಿಗೆ ಮುಚ್ಚಿಯೇ ಇರುತ್ತವೆ. ‘ಪಬ್’ ಎಂದು ಬರೆದರೆ ಮಾತ್ರ ತೆರೆಯುತ್ತವೆ. ಒಳಕೋಣೆಯಲ್ಲಿ ಕುಳಿತವರಿಗೆ ಹಜಾರದಲ್ಲಿರುವುದೆಲ್ಲ ಕೈಗೆ ಸಿಗುತ್ತದೆ. ಹಜಾರದಲ್ಲಿ ನಿಂತವರಿಗೆ ಒಳಕೋಣೆಯ ಪೆಟ್ಟಿಗೆ ಸಿಗುವುದಿಲ್ಲ. ‘ಖಾತೆ’ ಎಂಬ ಸ್ಟ್ರಕ್ಟನ್ನು, ಅಂದರೆ ಸಂಬಂಧಪಟ್ಟ ಮಾಹಿತಿಯನ್ನು ಒಟ್ಟಿಗಿಡುವ ರಚನೆಯನ್ನು, ‘ಪಬ್’ ಮಾಡಿದೆವೆನ್ನಿ. ಅದರೊಳಗಿನ ‘ಬಾಕಿ’ ಆಗಲೂ ಹೊರಗಿನವರ ಕೈಗೆ ಸಿಗದು. ಜಮೆ ಮಾಡಲು, ಹಣ ತೆಗೆಯಲು ನಾವು ಬರೆದ ಫಂಕ್ಷನ್‌ಗಳ ಮೂಲಕವೇ ಹೋಗಬೇಕು. ಬಾಕಿ ತಪ್ಪಾದರೆ ಹುಡುಕಬೇಕಾದದ್ದು ಒಂದೇ ಮಾಡ್ಯೂಲಿನಲ್ಲಿ. ತಡರಾತ್ರಿ ದೋಷ ಹುಡುಕಿದವರಿಗೆ ಇದರ ಬೆಲೆ ಗೊತ್ತು. ತನ್ನ ಕ್ರೇಟಿನವರಿಗಷ್ಟೇ ತೆರೆಯುವ ‘ಪಬ್ ಕ್ರೇಟ್’ ಎಂಬ ನಡುವಿನ ದಾರಿಯೂ ಉಂಟು. ನಾನು ಹೆಚ್ಚು ಬಳಸುವುದು ಅದನ್ನೇ.

2015ರ ಮೇ ತಿಂಗಳಲ್ಲಿ ರಸ್ಟ್‌ನ 1.0 ಆವೃತ್ತಿ ಬಂದಾಗ, ಒಳಗೆ ಉಪಮಾಡ್ಯೂಲುಗಳಿರುವ ಪ್ರತಿ ಫೋಲ್ಡರಿನಲ್ಲೂ ‘ಮಾಡ್’ ಎಂಬ ಹೆಸರಿನದೇ ಫೈಲ್ ಇರಬೇಕಿತ್ತು. ಎಡಿಟರಿನಲ್ಲಿ ಐದು ಫೈಲ್ ತೆರೆದರೆ ಐದಕ್ಕೂ ಒಂದೇ ಹೆಸರು! 2018ರಿಂದ ಮಾಡ್ಯೂಲಿನ ಹೆಸರನ್ನೇ ಫೈಲಿಗೆ ಇಟ್ಟು ಫೋಲ್ಡರಿನ ಪಕ್ಕದಲ್ಲಿ ಇರಿಸಬಹುದು. ಹಳೆಯ ಕ್ರಮವೂ ನಡೆಯುತ್ತದೆ, ಆದರೆ ಹೊಸದೇ ಕಣ್ಣಿಗೆ ಹಿತ.

ಯೋಜನೆ ದೊಡ್ಡದಾದರೆ ಹಲವು ಪ್ಯಾಕೇಜುಗಳನ್ನು ಒಂದು ವರ್ಕ್‌ಸ್ಪೇಸಿನಲ್ಲಿ ಕೂಡಿಸಬಹುದು. ಎಲ್ಲಕ್ಕೂ ಲಾಕ್ ಫೈಲ್ ಒಂದೇ. ಹೊರಗಿನಿಂದ ತಂದ ಕ್ರೇಟುಗಳ ಯಾವ ಆವೃತ್ತಿ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಆದರೆ ಮೊದಲ ದಿನವೇ ಅದಕ್ಕೆ ಕೈ ಹಾಕಬೇಡಿ. ಒಂದೇ ಫೈಲಿನಲ್ಲಿ ಶುರು ಮಾಡಿ. ಬಡ್ಡಿಯ ಲೆಕ್ಕ ಬೇರೆ, ಪರದೆಯ ಮೇಲೆ ತೋರಿಸುವುದು ಬೇರೆ ಎಂದು ನಿಮಗೇ ಅನ್ನಿಸಿದ ದಿನ ‘ಮಾಡ್’ ಎಂದು ಬರೆಯಿರಿ. ಸೆಮಿಕೋಲನ್ ಮರೆಯಬೇಡಿ.