ಗುಂಡಿ ತೋಡಿಸಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಮನೆ ಕಟ್ಟಿಸಿದಾಗ ನಾನು ಮೇಸ್ತ್ರಿಗೆ ಚದರದ ಲೆಕ್ಕದಲ್ಲಿ ಲೇಬರ್ ಕಾಂಟ್ರಾಕ್ಟ್ ಕೊಟ್ಟಿದ್ದೆ. ಗುದ್ದಲಿ ಪೂಜೆಗೆ ಒಳ್ಳೆಯ ದಿನ ನೋಡಿಸಿದೆ, ಮಾಲೂರಿನ ಇಟ್ಟಿಗೆಗೆ ನಾಲ್ಕು ಕಡೆ ದರ ಕೇಳಿದೆ. ವಿಮೆಯ ಮಾತನ್ನು ಯಾರೂ ಎತ್ತಲಿಲ್ಲ, ನನಗೂ ಹೊಳೆಯಲಿಲ್ಲ. ನೀರಿನ ಸಂಪ್‌ಗೆಂದು ಗುಂಡಿ ತೋಡಿದ ವಾರದಲ್ಲೇ ಒಂದು ರಾತ್ರಿಯಿಡೀ ಮಳೆ. ಬೆಳಗ್ಗೆ ಹೋಗಿ ನೋಡಿದರೆ ಗುಂಡಿಯ ಒಂದು ಬದಿ ಕುಸಿದಿದೆ, ಪಕ್ಕದ ಮನೆಯ ಕಾಂಪೌಂಡ್ ಗೋಡೆ ಬಾಯಿ ಬಿಟ್ಟಿದೆ. ಆ ಮನೆಯ ಅಜ್ಜಿ ಮೇಸ್ತ್ರಿಯನ್ನು ಕರೆಯಲಿಲ್ಲ, ನನ್ನನ್ನು ಕರೆದರು. "ಏನಪ್ಪಾ, ಗುಂಡಿ ತೋಡಿಸಿದೋನು ನೀನು ತಾನೆ?" ಅಂದರು.

ಈ ಪ್ರಶ್ನೆ ನ್ಯಾಯಾಲಯಗಳಲ್ಲಿ ಬಹಳ ಹಳೆಯದು. 1860ರ ಸುಮಾರಿಗೆ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ರೈಲ್ಯಾಂಡ್ಸ್ ಎಂಬ ಮಿಲ್ ಮಾಲೀಕ ನೀರು ನಿಲ್ಲಿಸಲು ಒಂದು ಜಲಾಶಯ ಕಟ್ಟಿಸಿದ. ಕೆಲಸ ಎಂಜಿನಿಯರು, ಕಾಂಟ್ರಾಕ್ಟರುಗಳದು. ತೋಡುವಾಗ ಅವರಿಗೆ ಹಳೆಯ ಗಣಿಬಾವಿಗಳು ಸಿಕ್ಕವು, ಸರಿಯಾಗಿ ಮುಚ್ಚಲಿಲ್ಲ. ನೀರು ತುಂಬಿಸಿದಾಗ ಅದು ಆ ಬಾವಿಗಳಲ್ಲೇ ಇಳಿದು ನೆರೆಯ ಫ್ಲೆಚರ್‌ನ ಕಲ್ಲಿದ್ದಲು ಗಣಿಗೆ ನುಗ್ಗಿತು. ರೈಲ್ಯಾಂಡ್ಸ್ ತಾನಾಗಿ ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ನಷ್ಟ ಅವನೇ ಕೊಡಬೇಕು ಎಂದು 1868ರಲ್ಲಿ ಅಲ್ಲಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಕೆ.ಜಿ.ಎಫ್. ಸುರಂಗಗಳನ್ನು ಕಂಡ ನಮ್ಮ ಜಿಲ್ಲೆಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವತಂತ್ರ ಕಾಂಟ್ರಾಕ್ಟರನ ತಪ್ಪು ಅವನದೇ ಎಂಬುದು ಸಾಮಾನ್ಯ ನಿಯಮ, ನಿಜ. ಆದರೆ ನೆರೆಯವರ ನೆಲದ ಆಸರೆ ಕಿತ್ತುಹೋಗುವಂತೆ ಅಗೆಸಿದರೆ, ಸ್ವಭಾವದಿಂದಲೇ ಅಪಾಯದ ಕೆಲಸ ಮಾಡಿಸಿದರೆ, ಆ ನಿಯಮ ಮಾಲೀಕನ ನೆರವಿಗೆ ಬರುವುದು ಕಷ್ಟ.

ಇನ್ನು ಸಾರುವೆಯಿಂದ ಬೀಳುವ ಕೂಲಿಯವರ ವಿಚಾರ. ವ್ಯಾಪಾರಕ್ಕಾಗಿ ಗುತ್ತಿಗೆ ಕೊಟ್ಟವನಿಂದ, ಅದು ಅವನ ವ್ಯಾಪಾರದ ಮಾಮೂಲಿ ಕೆಲಸವಾಗಿದ್ದರೆ, ಕಾರ್ಮಿಕ ನೇರವಾಗಿ ಪರಿಹಾರ ಕೇಳಬಹುದು ಎಂದು 1923ರ ಕಾರ್ಮಿಕರ ಪರಿಹಾರ ಕಾಯ್ದೆ ಹೇಳಿತು. ಕೊಟ್ಟ ಹಣವನ್ನು ಆಮೇಲೆ ಕಾಂಟ್ರಾಕ್ಟರನಿಂದ ವಸೂಲಿ ಮಾಡಿಕೊಳ್ಳಬೇಕು. ಸ್ವಂತ ವಾಸಕ್ಕೆ ಕಟ್ಟಿಸುವವರು ಸಾಮಾನ್ಯವಾಗಿ ಇದಕ್ಕೆ ಸಿಗುವುದಿಲ್ಲ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಹುಡುಗರಿಗೆಂದು ಸಾಲಾಗಿ ಬಾಡಿಗೆ ಮನೆ ಕಟ್ಟಿಸುವವರು ಮಾತ್ರ ಎರಡು ಸಲ ಯೋಚಿಸಬೇಕು. ಮೇಸ್ತ್ರಿ ಹೆಸರಿಗಷ್ಟೇ ಇದ್ದು, ಬಟವಾಡೆ ನೀವೇ ಮಾಡಿ ನೀವೇ ನಿಂತು ಕೆಲಸ ಹೇಳುತ್ತಿದ್ದರೂ ಮಾತು ನಿಮ್ಮ ಕಡೆಗೇ ತಿರುಗುತ್ತದೆ. ಮೊತ್ತ ಎಷ್ಟು ಅಂತೀರಾ? 40 ವರ್ಷದ ಗಾರೆಯವನು ತೀರಿಕೊಂಡರೆ, ಆ ಕಾಯ್ದೆಯಡಿ 2020ರಲ್ಲಿ ನಿಗದಿಯಾದ ತಿಂಗಳ ಕೂಲಿಯ ಮಿತಿ 15,000 ರೂಪಾಯಿ ಹಿಡಿದು, ಅದರ ಅರ್ಧವನ್ನು ಆ ವಯಸ್ಸಿಗೆ ಕಾಯ್ದೆ ಕೊಟ್ಟಿದ್ದ ಗುಣಕ 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಆ ಹೆಂಡತಿ ಮಕ್ಕಳಿಗೆ ಅದು ಸಿಗಲೇಬೇಕು. ಮನೆ ಸಾಲದಲ್ಲಿರುವ ಮಾಲೀಕ ಎಲ್ಲಿಂದ ತಂದಾನು, ದಿನಗೂಲಿಯಿಂದ ಮೇಲೆ ಬಂದ ಮೇಸ್ತ್ರಿ ಎಲ್ಲಿಂದ ತಂದಾನು?

ಅದಕ್ಕೇ ಎರಡು ಪಾಲಿಸಿ ಬೇಕು. ಕೂಲಿಯವರಿಗೆ ನೌಕರರ ಪರಿಹಾರ ಪಾಲಿಸಿ, ಅಂದರೆ ಏಜೆಂಟರು ಡಬ್ಲ್ಯು.ಸಿ. ಎನ್ನುವುದು. ಕಟ್ಟಡಕ್ಕೂ ಅಕ್ಕಪಕ್ಕದವರಿಗೂ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ. ಇದರಲ್ಲಿ ಮೂರನೆಯವರಿಗೆ ಆದ ನಷ್ಟದ ಭಾಗವಿದೆ, ಅದು ಕೂಲಿಯವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಒಂದಿದ್ದರೆ ಸಾಲದು. ಪಾಲಿಸಿಯಲ್ಲಿ ಮೇಸ್ತ್ರಿಯ ಹೆಸರಿನ ಜೊತೆಗೆ ನಿಮ್ಮ ಹೆಸರೂ ಇರಲಿ. ಇಂಥ ಪಾಲಿಸಿ ಇದೆ ಎಂದು ಬಾಯಲ್ಲಿ ಹೇಳಿದರೆ ನಂಬಬೇಡಿ, ಕಾಗದ ಕೇಳಿ, ಕೊನೆಯ ತಾರೀಖು ನೋಡಿ. ಕೆಲಸ ತಡವಾಗದ ಮನೆಯನ್ನು ನಾನಂತೂ ಕಂಡಿಲ್ಲ.

ಒಂದು ಸಾಲನ್ನು ಮಾತ್ರ ಕಣ್ಣಿಟ್ಟು ಓದಿ. ಅದುರುವಿಕೆಯಿಂದ, ಆಸರೆಯ ಮಣ್ಣು ತೆಗೆದದ್ದರಿಂದ ನೆರೆಯವರ ಕಟ್ಟಡಕ್ಕೆ ಆದ ಹಾನಿಯನ್ನು ಈ ಆಲ್ ರಿಸ್ಕ್ ಪಾಲಿಸಿ ಸಾಮಾನ್ಯವಾಗಿ ಹೊರಗಿಡುತ್ತದೆ. ಬೇಕೆಂದರೆ ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು. ಸೇರಿಸಿಕೊಳ್ಳುವಾಗ, ಅಗೆಯುವ ಮೊದಲು ಪಕ್ಕದ ಕಟ್ಟಡ ಹೇಗಿತ್ತು ಎಂಬ ವರದಿಯನ್ನು ಕೇಳುವುದುಂಟು.

ನಮ್ಮ ಮೇಸ್ತ್ರಿ, ಗೋಡೆ ಮೊದಲೇ ಬಿರುಕು ಬಿಟ್ಟಿತ್ತು ಎಂದ. ಅಜ್ಜಿ, ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ ಎಂದರು. ನನ್ನ ಹತ್ತಿರ ಆ ಗೋಡೆಯ ಒಂದು ಫೋಟೋ ಸಹ ಇರಲಿಲ್ಲ. ಪಾಯದಿಂದ ಹಿಡಿದು ಹೊಸದಾಗಿ ಕಟ್ಟಿಸಿಕೊಟ್ಟೆ. ನಮ್ಮ ಎರಡು ಕೋಣೆಗೆ ಹಾಕಿಸಬೇಕಿದ್ದ ಟೈಲ್ಸಿನ ದುಡ್ಡು ಆ ಗೋಡೆಯಲ್ಲಿದೆ.

ನಮಸ್ಕಾರ.