ಟ್ರಿಪ್ಸಿನ್ ನಮ್ಮನ್ನೇ ಯಾಕೆ ತಿನ್ನಲ್ಲ?

ಟ್ರಿಪ್ಸಿನ್ ಏನು ಮಾಡುತ್ತದೆ ಅಂತ ಯಾವ ಪಿಯುಸಿ ವಿದ್ಯಾರ್ಥಿಯನ್ನು ಕೇಳಿದರೂ ಥಟ್ ಅಂತ ಉತ್ತರ ಬರುತ್ತದೆ: ಪ್ರೋಟೀನ್ ಜೀರ್ಣ ಮಾಡುವ ಕಿಣ್ವ. ಒಂದು ಅಂಕ, ಮುಗೀತು. ನನಗೆ ಸಿಟ್ಟು ಬರುವುದೇ ಇಲ್ಲಿ. ಅದನ್ನು ತಯಾರಿಸುವ ಪ್ಯಾಂಕ್ರಿಯಾಸಲ್ಲೂ (ಮೇದೋಜೀರಕ ಗ್ರಂಥಿಯಲ್ಲೂ) ಇರುವುದು ಪ್ರೋಟೀನೇ ಅಲ್ವಾ? ಅದನ್ನು ಯಾಕೆ ತಿಂದು ಹಾಕಲ್ಲ? ಇದನ್ನು ಕೇಳದೆ ಮಾಡಿದ ಟ್ರಿಪ್ಸಿನ್ ಪಾಠ ಅರ್ಧ ಪಾಠ.

ಕತ್ತರಿಸುವ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. ಟ್ರಿಪ್ಸಿನ್ ಮೈಯಲ್ಲಿ ಒಂದು ಗುಂಡಿ ಇದೆ, ಅದರ ತಳದಲ್ಲಿ ನೆಗೆಟಿವ್ ಚಾರ್ಜ್ ಇರುವ ಆಸ್ಪಾರ್ಟಿಕ್ ಆಮ್ಲ ಅನ್ನುವ ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯ ಕೊಂಡಿಗಳಲ್ಲೊಂದು) ಕೂತಿದೆ. ಹಾಗಾಗಿ ಪಾಸಿಟಿವ್ ಚಾರ್ಜಿನ ಅಮೈನೋ ಆಮ್ಲಗಳಾದ ಲೈಸೀನ್, ಆರ್ಜಿನೀನ್ ಬಂದರೆ ಅಲ್ಲಿ ಗಟ್ಟಿಯಾಗಿ ಕೂರುತ್ತವೆ, ಅವುಗಳ ಪಕ್ಕದಲ್ಲೇ ಪ್ರೋಟೀನ್ ಸರಪಳಿ ತುಂಡಾಗುತ್ತದೆ. ತುಂಡು ಮಾಡುವುದು ಸೆರೀನ್, ಹಿಸ್ಟಿಡೀನ್ ಮತ್ತು ಇನ್ನೊಂದು ಆಸ್ಪಾರ್ಟಿಕ್ ಆಮ್ಲ ಸೇರಿದ ಮೂವರ ತಂಡ.

ಆದರೆ ಮಜಾ ಇರುವುದು ಇದನ್ನು ತಡೆದು ಇಡುವುದರಲ್ಲಿ. ಪ್ಯಾಂಕ್ರಿಯಾಸ್ ಟ್ರಿಪ್ಸಿನ್ನನ್ನು ನೇರವಾಗಿ ತಯಾರಿಸುವುದೇ ಇಲ್ಲ. ಮುಂದೊಂದು ಚಿಕ್ಕ ತುಣುಕು ಅಂಟಿರುವ ಟ್ರಿಪ್ಸಿನೋಜೆನ್ ತಯಾರಿಸುತ್ತದೆ, ಆ ತುಣುಕು ಇರುವತನಕ ಗುಂಡಿ ಸರಿಯಾದ ಆಕಾರಕ್ಕೆ ಬರುವುದಿಲ್ಲ. ಸಣ್ಣಕರುಳು ತಲುಪಿದ ಮೇಲೆ, ಅಲ್ಲಿನ ಗೋಡೆಯಲ್ಲಿರುವ ಎಂಟೆರೋಪೆಪ್ಟಿಡೇಸ್ ಅನ್ನುವ ಇನ್ನೊಂದು ಕಿಣ್ವ ಆ ತುಣುಕನ್ನು ಕತ್ತರಿಸುತ್ತದೆ. ಆಮೇಲೆ ಕೇಳಬೇಡಿ, ಎದ್ದ ಟ್ರಿಪ್ಸಿನ್ ಉಳಿದ ಟ್ರಿಪ್ಸಿನೋಜೆನ್ನನ್ನೂ, ಪ್ಯಾಂಕ್ರಿಯಾಸಿಂದ ಜೊತೆಗೇ ಬಂದ ಬೇರೆ ಕಿಣ್ವಗಳನ್ನೂ ಎಬ್ಬಿಸುತ್ತಾ ಹೋಗುತ್ತದೆ.

ಅಕಸ್ಮಾತ್ ಪ್ಯಾಂಕ್ರಿಯಾಸ್ ಒಳಗೇ ಎದ್ದುಬಿಟ್ಟರೆ? ಅದಕ್ಕೂ ಕಾವಲಿದೆ. ಸ್ಪಿಂಕ್1 ಅನ್ನುವ ಪುಟ್ಟ ಪ್ರೋಟೀನ್ ಬಂದು ಟ್ರಿಪ್ಸಿನ್ನಿನ ಗುಂಡಿಗೆ ಅಡ್ಡ ಕೂರುತ್ತದೆ. ಸಾಲದ್ದಕ್ಕೆ ಟ್ರಿಪ್ಸಿನ್ ಮೈಯಲ್ಲೇ, 122ನೇ ಜಾಗದ ಆರ್ಜಿನೀನ್ ಹತ್ತಿರ, ಅದು ತನ್ನನ್ನು ತಾನೇ ಕತ್ತರಿಸಿಕೊಂಡು ಸುಮ್ಮನಾಗಬಹುದು. ವಂಶದಲ್ಲೇ ಪ್ಯಾಂಕ್ರಿಯಾಸ್ ಉರಿಯೂತ ಬರುವ ಕೆಲವು ಕುಟುಂಬಗಳನ್ನು ಪರೀಕ್ಷಿಸಿದಾಗ 1996ರಲ್ಲಿ ಸಿಕ್ಕಿದ್ದು ಇದೇ: ಆ ಆರ್ಜಿನೀನ್ ಇರಬೇಕಾದಲ್ಲಿ ಹಿಸ್ಟಿಡೀನ್ ಇತ್ತು, ಹಾಗಾಗಿ ಟ್ರಿಪ್ಸಿನ್ ಅಲ್ಲಿ ತನ್ನನ್ನು ಕತ್ತರಿಸಿಕೊಳ್ಳಲಾರದು. ಒಂದೇ ಒಂದು ಅಮೈನೋ ಆಮ್ಲ ಬದಲಾಗಿದ್ದಕ್ಕೆ ಮನೆಮಂದಿಗೆಲ್ಲ ಹೊಟ್ಟೆನೋವು!

ದೂರದ ಕಥೆ ಅನ್ನಿಸಿತಾ? ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಹೆಂಡ ಮುಟ್ಟದ ಎಳೆಯ ಹುಡುಗರಿಗೂ ಪ್ಯಾಂಕ್ರಿಯಾಸಲ್ಲಿ ಕಲ್ಲು ಕಟ್ಟುವ ಕಾಯಿಲೆ ಬರುತ್ತದೆ. ಬಹಳ ಕಾಲ ಜನರ ಅನುಮಾನ ಮರಗೆಣಸಿನ ಮೇಲಿತ್ತು. ಜೀನ್ ನೋಡಲು ಶುರು ಮಾಡಿದ ಮೇಲೆ, ಇಂತಹ ಎಷ್ಟೋ ರೋಗಿಗಳಲ್ಲಿ ಸ್ಪಿಂಕ್1 ಜೀನಲ್ಲೇ ವ್ಯತ್ಯಾಸ ಕಂಡಿತು. ಅದೊಂದೇ ಕಾರಣ ಅಲ್ಲ, ಆದರೆ ತಟ್ಟೆಯಲ್ಲಿ ಏನಿತ್ತು ಅಂತ ಮಾತ್ರ ಕೇಳುತ್ತಿದ್ದ ಡಾಕ್ಟರುಗಳು ಈಗ ಕಾವಲಿನ ಬಗ್ಗೆಯೂ ಕೇಳುತ್ತಾರೆ.